ಹಳೇ ಭರಣಿ: ತೊಳೆಯುವ ಮೊದಲು ಮೂಸಿ ನೋಡಿ

ಐದು ಲೀಟರ್ ಹಿಡಿಯುವ ಗಾಜಿನ ಭರಣಿ, ಅಗಲ ಬಾಯಿ, ತಗಡಿನ ಮುಚ್ಚಳ. ದಾವಣಗೆರೆಯ ಗುಜರಿ ಅಂಗಡಿಯೊಂದರಲ್ಲಿ ಹಳೇ ಫ್ಯಾನಿನ ರೆಕ್ಕೆಗಳ ಕೆಳಗೆ ಬಿದ್ದಿತ್ತು. 150 ಹೇಳಿದರು, 80 ರೂಪಾಯಿಗೆ ಇಳಿದರು.

"ಬೇಕರಿದು ಅಕ್ಕಾರೆ, ಖಾರ ಬಿಸ್ಕತ್ ಇಡ್ತಿದ್ರು. ಒಂದ್ಸಲ ತೊಳ್ಕಂಡ್ರೆ ಹೊಸದಿದ್ದಂಗೆ ನೋಡ್ರಿ."

ಒಂದ್ಸಲ ಅಲ್ಲ, ಮೂರು ದಿನ ಹಿಡಿಯಿತು. ಆದರೆ ಆ ಭರಣಿ ಇವತ್ತಿಗೂ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಕೊಂಬುಚಾ (ಸಿಹಿ ಟೀ ಹುದುಗಿಸಿ ಮಾಡುವ ಹುಳಿ ಪಾನೀಯ) ಹೊತ್ತು ಕೂತಿದೆ. ಅದಕ್ಕೂ ಮೊದಲು ತಂದ ಎರಡು ಭರಣಿಗಳಲ್ಲಿ ಒಂದು ಕಸಕ್ಕೆ ಹೋಯಿತು, ಇನ್ನೊಂದು ಒಡೆಯಿತು. ಆ ಕಥೆ ಮುಂದೆ ಬರುತ್ತದೆ.

ನಾನು ಮನೆಯಲ್ಲಿ ಮಾಡುವುದು ಕೊಂಬುಚಾ, ಶುಂಠಿ ಸೋಡಾ, ಅನಾನಸ್ ಸಿಪ್ಪೆಯ ವಿನೆಗರ್. ಮದ್ಯದ ಮಾತು ಇಲ್ಲಿಲ್ಲ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ನಾನು ಮಾಡುವ ಮೂರರಲ್ಲೂ ಸಕ್ಕರೆ ನೀರಿಗೆ ಹುದುಗು ಬರಿಸಬೇಕು, ಮೂರೂ ಕೊನೆಗೆ ಹುಳಿಯಾಗುತ್ತವೆ. ಪಾತ್ರೆಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಈ ಹುಳಿಯ ಕಾರಣಕ್ಕೇ. ನೀರಿಗೆ ಬಿಡದ ಕೊಳೆ ಹುಳಿಗೆ ಬಿಡುತ್ತದೆ. ಅದೂ ಒಂದು ಗಂಟೆಯಲ್ಲ, ಹತ್ತು ದಿನ ಅದರೊಳಗೇ ನೆನೆದಿರುತ್ತದೆ. ಕೊಂಬುಚಾ ಹದಕ್ಕೆ ಬಂದಾಗ ಅದರ ಪಿಎಚ್, ಅಂದರೆ ಹುಳಿಯ ಅಳತೆ (ಕಡಿಮೆಯಾದಷ್ಟೂ ಹುಳಿ ಹೆಚ್ಚು), 3ರ ಆಸುಪಾಸು ಇರುತ್ತದೆ, ಹೆಚ್ಚುಕಮ್ಮಿ ವಿನೆಗರಿನ ಹತ್ತಿರ.

ಅಂಗಡಿಯಲ್ಲೇ ಅರ್ಧ ಕೆಲಸ

ಸೋಪು, ಬ್ರಷ್ಷು ಎಲ್ಲ ಆಮೇಲೆ. ಮೊದಲು ಮುಚ್ಚಳ ತೆಗೆದು ಮೂಗು ಒಳಗಿಡಿ.

ನಮ್ಮ ಕಡೆ 'ಎಣ್ಣೆ' ಎಂದರೆ ಮೂರು ಅರ್ಥ. ಒಗ್ಗರಣೆಗೆ ಹಾಕುವುದೂ ಎಣ್ಣೆ, ಸಂಜೆ ಕುಡಿಯುವುದೂ ಎಣ್ಣೆ, ಮೆಕ್ಕೆಜೋಳಕ್ಕೆ ಹೊಡೆಯುವುದೂ ಎಣ್ಣೆ. ಗುಜರಿಯವರು "ಎಣ್ಣೆ ಬಾಟ್ಲಿ" ಅಂದರೆ ಯಾವ ಎಣ್ಣೆ ಎಂದು ಕೇಳಲೇಬೇಕು. ಮೊದಲ ಎರಡಾದರೆ ತೊಳೆದುಕೊಳ್ಳಬಹುದು. ಮೂರನೆಯದಾದರೆ, ಅಥವಾ ಅವರಿಗೇ ಗೊತ್ತಿಲ್ಲವಾದರೆ, ಅಲ್ಲೇ ಇಟ್ಟು ಬನ್ನಿ. ಗಾಜು ವಿಷವನ್ನು ಹೀರಿಕೊಳ್ಳುವುದಿಲ್ಲ ನಿಜ. ಆದರೆ ಕುತ್ತಿಗೆಯ ತಿರುವು, ಗೀರು, ಮುಚ್ಚಳದ ರಬ್ಬರು ಉಳಿಸಿಕೊಳ್ಳುತ್ತವೆ. ಪೂರ್ತಿ ಹೋಯಿತೆಂದು ಮನೆಯಲ್ಲಿ ಪರೀಕ್ಷಿಸುವ ದಾರಿ ನಮ್ಮ ಯಾರ ಬಳಿಯೂ ಇಲ್ಲ. 80 ರೂಪಾಯಿಗೆ ಆ ಜೂಜು ಬೇಡ. ಸೀಮೆಎಣ್ಣೆ, ಫಿನೈಲ್, ಬ್ಯಾಟರಿ ಆಸಿಡ್, ಪೇಂಟಿನ ಥಿನ್ನರ್ ತುಂಬಿಟ್ಟ ಬಾಟಲಿಗಳಿಗೂ ಇದೇ ಮಾತು.

ನಾನು ಕಸಕ್ಕೆ ಹಾಕಿದ ಭರಣಿ ಈ ಜಾತಿಯದ್ದೇ. ಕಂದು ಬಣ್ಣದ ದಪ್ಪ ಗಾಜು, ಗಾಜಿನದೇ ಬಿರಡೆ, ಎರಡು ಲೀಟರ್, ನೋಡಲು ರಾಜನಂತಿತ್ತು. ಮನೆಗೆ ತಂದು ಬೆಳಕಿಗೆ ಹಿಡಿದರೆ ಹೆಗಲ ಮೇಲೆ ಉಬ್ಬಕ್ಷರದಲ್ಲಿ 'ನೈಟ್ರಿಕ್ ಆಸಿಡ್' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಯಾವುದೋ ಕಾಲೇಜಿನ ಲ್ಯಾಬಿನಿಂದ ಬಂದದ್ದಿರಬೇಕು. ಆಸಿಡ್ಡೇನೋ ನೀರಿಗೆ ಹೋಗುತ್ತದೆ. ಆದರೆ ಲ್ಯಾಬಿನಲ್ಲಿ ಖಾಲಿಯಾದ ಬಾಟಲಿಗೆ ಆಮೇಲೆ ಏನೇನು ಸುರಿದಿದ್ದರೋ ಯಾರು ಬಲ್ಲರು? ಉಬ್ಬಕ್ಷರಗಳನ್ನು ಬೆರಳಿನಿಂದ ಸವರಿ ಓದುವ ಅಭ್ಯಾಸ ನನಗೆ ಬಂದದ್ದು ಅಂದಿನಿಂದ.

ಇನ್ನೆರಡು ಬಗೆ ಬೇಡ. ಒಳಗಡೆ ಅಥವಾ ಬಾಯಂಚಿನಲ್ಲಿ ಬಣ್ಣದ ಚಿತ್ತಾರ ಇರುವ ಗಾಜು ಒಂದು, ಏಕೆಂದರೆ ಹಳೆಯ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುತ್ತವೆ. ಷೋಕೇಸಿನಲ್ಲಿ ಮಿಂಚುವ, ತೂಕಕ್ಕೆ ಭಾರವಾದ, ಬೆರಳಲ್ಲಿ ತಟ್ಟಿದರೆ ಗಂಟೆಯಂತೆ ನಾದ ಕೊಡುವ ಕ್ರಿಸ್ಟಲ್ ಇನ್ನೊಂದು. ಆ ಮಿಂಚು ಬರುವುದೇ ಸೀಸದಿಂದ. ಹುಳಿ ಎರಡನ್ನೂ ನಿಧಾನಕ್ಕೆ ಎಳೆದುಕೊಳ್ಳುತ್ತದೆ. ಅಜ್ಜಿಯ ಕಾಲದ ಹೊಳಪಿನ ಪಿಂಗಾಣಿ ಜಾಡಿಗೂ ಇದೇ ಅನುಮಾನ ಇದ್ದದ್ದೇ. ಅದು ಕಲ್ಲುಪ್ಪಿಗೆ ಇರಲಿ.

ಆಮೇಲೆ ಉಗುರಿನ ಪರೀಕ್ಷೆ. ಬಾಯಂಚಿನ ಸುತ್ತ ಉಗುರನ್ನು ನಿಧಾನ ಒಂದು ಸುತ್ತು ಎಳೆಯಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಚಕ್ಕೆ ಎದ್ದಿದೆ. ಒಂದು ಎಳೆ ಹತ್ತಿಯನ್ನು ಸವರಿದರೂ ಗೊತ್ತಾಗುತ್ತದೆ, ಚಕ್ಕೆ ಎದ್ದ ಕಡೆ ಹತ್ತಿ ಅಂಟುತ್ತದೆ. ಮೊಬೈಲಿನ ಟಾರ್ಚನ್ನು ಭರಣಿಯ ಒಳಗಿನಿಂದ ತಳಕ್ಕೆ ಹಿಡಿದು ಹೊರಗಿನಿಂದ ನೋಡಿ. ಗಾಜಿನ ಗುಳ್ಳೆ ಇದ್ದರೆ ಚಿಂತೆಯಿಲ್ಲ. ಬೆಳ್ಳಗೆ ಮಿಂಚುವ ಕೂದಲೆಳೆ ಕಂಡರೆ ಅದು ಬಿರುಕು, ಬಿಸಿ ತಾಗಿದ ದಿನ ಬಾಯಿ ಬಿಡುತ್ತದೆ.

ಮೊದಲ ರಾತ್ರಿ: ನೆನೆ ಹಾಕುವುದು

ಲೇಬಲ್ಲನ್ನು ಚಾಕುವಿನಿಂದ ಕೆರೆಯಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಭರಣಿ ಮುಳುಗುವಷ್ಟು ಬೆಚ್ಚಗಿನ ನೀರು, ಪ್ರತಿ ಐದು ಲೀಟರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ. ಇದು ಬಟ್ಟೆಗೆ ಹಾಕುವ ಸೋಡಾ, ಬೋಂಡಾಕ್ಕೆ ಹಾಕುವ ಅಡುಗೆ ಸೋಡಾ ಅಲ್ಲ. ಎರಡೂ ಬೆಳ್ಳಗೇ ಇರುತ್ತವೆ, ಕಿರಾಣಿ ಅಂಗಡಿಯಲ್ಲಿ ಬಿಡಿಸಿ ಹೇಳಿ. ಕೈಗೆ ರಬ್ಬರ್ ಗವಸು ಇರಲಿ, ಸೋಡಾ ಚರ್ಮವನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಬೋಗುಣಿಯಲ್ಲಿ ಮಾತ್ರ ಮಾಡಬೇಡಿ, ಅದನ್ನೂ ತಿಂದು ಕಪ್ಪಾಗಿಸುತ್ತದೆ.

ಭರಣಿಯನ್ನು ರಾತ್ರಿ ಮುಳುಗಿಸಿಟ್ಟರೆ ಬೆಳಗ್ಗೆ ಹೊತ್ತಿಗೆ ಕಾಗದದ ಲೇಬಲ್ ತಾನಾಗಿ ತೇಲಿರುತ್ತದೆ. ಒಳಗಿನ ಜಿಡ್ಡು ಕೂಡ ಸಡಿಲವಾಗಿರುತ್ತದೆ, ಏಕೆಂದರೆ ಸೋಡಾ ಎಣ್ಣೆಯಂಶವನ್ನು ಸಾಬೂನಿನಂತೆ ಮಾಡಿ ನೀರಿಗೆ ಬಿಡುತ್ತದೆ. ಒಂದು ರಾತ್ರಿ ಸಾಕು. ಮರೆತು ವಾರಗಟ್ಟಲೆ ಬಿಟ್ಟರೆ ಸೋಡಾ ಗಾಜಿನ ಮೈಯನ್ನೇ ಮಂಜಾಗಿಸುತ್ತದೆ, ಆ ಮಂಜು ಮತ್ತೆ ಹೋಗುವುದಿಲ್ಲ.

ಸ್ಟಿಕ್ಕರಿನ ಗೋಂದು ಉಳಿದರೆ ಕೊಬ್ಬರಿ ಎಣ್ಣೆಗೆ ಅಡುಗೆ ಸೋಡಾ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಥಿನ್ನರ್, ಪೆಟ್ರೋಲ್ ಹಚ್ಚುವವರನ್ನು ನೋಡಿದ್ದೇನೆ. ಗೋಂದು ಹೋಗಲಿ ಎಂದು ಪೆಟ್ರೋಲ್ ತರುವುದು ಇಲಿ ಓಡಿಸಲು ಮನೆಗೆ ಹಾವು ಬಿಟ್ಟ ಹಾಗೆ.

ಬಿಳಿ ಪೊರೆ

ನನ್ನ ಬೇಕರಿ ಭರಣಿಯನ್ನು ಸೋಡಾ, ಸೋಪು ಎರಡರಲ್ಲೂ ತೊಳೆದು ಒಣಗಿಸಿದ ಮೇಲೂ ಒಳಗೆ ಹಾಲು ಬಳಿದಂತೆ ಬಿಳಿ ಪೊರೆ ಇತ್ತು. ಅದು ಕೊಳೆಯಲ್ಲ, ಬೋರ್‌ವೆಲ್ ನೀರಿನ ಸುಣ್ಣ. ದಾವಣಗೆರೆ, ಚಿತ್ರದುರ್ಗದಲ್ಲಿ ಬೋರ್ ನೀರು ಬಳಸುವವರಿಗೆ ಇದನ್ನು ವಿವರಿಸಬೇಕಿಲ್ಲ. ಗೀಸರಿನ ಕಾಯಿಲ್, ನಲ್ಲಿಯ ತುದಿ, ಕಾಯಿಸುವ ಪಾತ್ರೆಯ ತಳ ಎಲ್ಲದರಲ್ಲೂ ಅದೇ.

ಸುಣ್ಣಕ್ಕೆ ಸೋಪು ಜಗ್ಗುವುದಿಲ್ಲ, ಹುಳಿ ಬೇಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಭರಣಿಯ ಒಳಮೈಗೆಲ್ಲ ತಾಗುವಂತೆ ತಿರುಗಿಸಿ ಒಂದು ಗಂಟೆ ಬಿಡಿ. ಬಿಳಿ ವಿನೆಗರ್ ಕೂಡ ಆಗುತ್ತದೆ, ಖರ್ಚು ಹೆಚ್ಚು. ಪೊರೆ ದಪ್ಪ ಇದ್ದರೆ ಸಣ್ಣ ಗುಳ್ಳೆ ಏಳುವುದು ಕಾಣಿಸುತ್ತದೆ, ಸುಣ್ಣ ಕರಗುತ್ತಿದೆ ಎಂದರ್ಥ. ಇದನ್ನು ಇಲ್ಲೇ ತೆಗೆಯದೆ ಬಿಟ್ಟರೆ ಆಮೇಲೆ ಕೊಂಬುಚಾದ ಹುಳಿ ಅದನ್ನು ಕರಗಿಸಿಕೊಳ್ಳುತ್ತದೆ. ವಿಷವೇನಲ್ಲ. ಆದರೆ ಪೊರೆಯ ಒರಟಿನಲ್ಲಿ ಕೊಳೆ, ಸೂಕ್ಷ್ಮಜೀವಿ ಅಡಗಿ ಕೂರುತ್ತವೆ.

ಬಾಟಲಿಯ ಬಾಯಿ ಚಿಕ್ಕದಿದ್ದು ಕೈ ಹೋಗದಿದ್ದರೆ ಒಂದು ಹಿಡಿ ನುಚ್ಚಕ್ಕಿ, ಎರಡು ಹನಿ ಪಾತ್ರೆ ತೊಳೆಯುವ ದ್ರವ, ಕಾಲು ಭಾಗ ನೀರು ಹಾಕಿ ಜೋರಾಗಿ ಕುಲುಕಿ. ನುಚ್ಚು ಮೂಲೆ ಮೂಲೆಗೆ ಹೋಗಿ ಉಜ್ಜಿ ಬರುತ್ತದೆ, ಗಾಜಿಗೆ ಗೀರು ಬೀಳುವುದಿಲ್ಲ. ಹಿಂದೆ ಬೂದಿ, ಮರಳು ಹಾಕಿ ಬೆಳಗುತ್ತಿದ್ದರು. ಹಿತ್ತಾಳೆ ಚೊಂಬಿಗೆ ಸರಿ, ಗಾಜಿಗೆ ಬೇಡ. ಮರಳಿನ ಕಣ ಗಾಜಿಗಿಂತ ಗಟ್ಟಿ. ಸ್ಟೀಲ್ ಜುಂಗೂ ಬೇಡ.

ಗೋಲಿ ಸೋಡಾ ಬಾಟಲಿ ಕಂಡರೆ ಎಲ್ಲರಿಗೂ ಆಸೆ. ಮಂಡಕ್ಕಿ ಮೆಣಸಿನಕಾಯಿ ತಿಂದ ಬಾಯಿಗೆ ಗೋಲಿ ಸೋಡಾ ಬೇಕು ಎನ್ನುವ ಊರು ನಮ್ಮದು. 1870ರ ದಶಕದಲ್ಲಿ ಹಿರಾಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಪೇಟೆಂಟ್ ಮಾಡಿಸಿದ ಆ ಬಾಟಲಿ ಒತ್ತಡಕ್ಕೆಂದೇ ಹುಟ್ಟಿದ್ದು. ಆದರೆ ಹಳೆಯದರ ಕುತ್ತಿಗೆಯಲ್ಲಿ ಗೋಲಿ ಕೂರುವ ಗೂಡು, ಅದರ ಮೇಲಿನ ರಬ್ಬರ್ ವಾಷರ್ ಮನೆಯ ಬ್ರಷ್ಷಿಗೆ ಸಿಗುವುದಿಲ್ಲ. ಷೋಕೇಸಿನಲ್ಲಿ ಇಟ್ಟು ನೋಡಿ ಸಂತೋಷಪಡಿ.

ಗಾಜು ನಿಜವಾಗಿ ತೊಳೆದಿದೆಯೇ ಎಂದು ತಿಳಿಯುವುದು ಸುಲಭ. ತಣ್ಣೀರು ತುಂಬಿ ಒಮ್ಮೆಲೇ ಚೆಲ್ಲಿ. ಒಳಮೈಯಲ್ಲಿ ನೀರು ಒಂದೇ ಹಾಳೆಯಂತೆ ಜಾರಿದರೆ ಗಾಜು ಚೊಕ್ಕ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ, ಮತ್ತೆ ಸೋಡಾಕ್ಕೆ ಹೋಗಿ.

ಮುಚ್ಚಳ

ಭರಣಿಯನ್ನು ಮೂರು ದಿನ ತೊಳೆದು ಮುಚ್ಚಳವನ್ನು ಮೂರು ನಿಮಿಷ ತೊಳೆಯುವವರೇ ಹೆಚ್ಚು. ವಾಸನೆ ಇರುವುದು ಮುಚ್ಚಳದಲ್ಲಿ. ಅದರೊಳಗಿನ ರಬ್ಬರಿನ ಬಳೆ, ಪ್ಲಾಸ್ಟಿಕ್ ಬಿಲ್ಲೆ ಉಪ್ಪಿನಕಾಯಿಯ ಇಂಗು, ಬೆಳ್ಳುಳ್ಳಿಯನ್ನು ವರ್ಷಗಟ್ಟಲೆ ಹಿಡಿದಿಡುತ್ತವೆ. ತಗಡಿನ ಮುಚ್ಚಳಕ್ಕೆ ತುಕ್ಕು ಹಿಡಿದಿದ್ದರಂತೂ ಹುಳಿಯ ಆವಿ ಅದನ್ನು ಇನ್ನಷ್ಟು ತಿಂದು ಕೆಂಪು ಪುಡಿ ಉದುರಿಸುತ್ತದೆ. ಹಳೇ ಮುಚ್ಚಳ ಎಸೆಯಿರಿ. ಕೊಂಬುಚಾಕ್ಕೂ ವಿನೆಗರಿಗೂ ಹುದುಗು ಬರುವಾಗ ಗಾಳಿ ಬೇಕು, ಮುಚ್ಚಳ ಬೇಕೇ ಇಲ್ಲ. ಒಗೆದು ಇಸ್ತ್ರಿ ಮಾಡಿದ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು. ಬಟ್ಟೆಯ ನೇಯ್ಗೆ ಒತ್ತಾಗಿರಲಿ, ಸಡಿಲವಾದರೆ ಹಣ್ಣಿನ ನೊಣ ನುಸುಳುತ್ತದೆ. ಕಾರ್ಕಿನ ಬಿರಡೆ ಬಂದಿದ್ದರೆ ಅದೂ ಕಸಕ್ಕೆ, ಅದರ ತೂತುಗಳನ್ನು ಶುದ್ಧ ಮಾಡಲಾಗದು.

ತೊಳೆದ ಖಾಲಿ ಭರಣಿಯ ಬಾಯಿಗೆ ತಟ್ಟೆ ಮುಚ್ಚಿ ಬಿಸಿಲಿಗೆ ಎರಡು ಗಂಟೆ ಇಡಿ. ನಮ್ಮೂರ ಏಪ್ರಿಲ್ ಬಿಸಿಲಾದರೆ ಅರ್ಧ ಗಂಟೆಯೇ ಹೆಚ್ಚು. ಆಮೇಲೆ ತಟ್ಟೆ ಸರಿಸಿ ತಕ್ಷಣ ಮೂಸಿ. ತಣ್ಣಗಿದ್ದಾಗ ಅಡಗಿದ್ದ ವಾಸನೆ ಬಿಸಿಗೆ ಹೊರಬರುತ್ತದೆ. ನನ್ನದು ಮೊದಲ ದಿನ ಹಳೇ ಡಾಲ್ಡಾ ವಾಸನೆ ಹೊಡೆಯಿತು, ಎರಡನೇ ದಿನ ಸ್ವಲ್ಪ. ಮೂರನೇ ದಿನ ಅತ್ತೆಯವರ ಕೈಗೆ ಕೊಟ್ಟೆ. ಹಾಲು ಕೆಡುವ ಮುಂಚಿನ ದಿನವೇ ಹೇಳಬಲ್ಲ ಮೂಗು ಅವರದು. "ಏನೂ ಇಲ್ಲ ಬಿಡವ್ವ, ಗಾಜಿನ್ ವಾಸ್ನಿ ಅಷ್ಟೆ" ಎಂದರು.

ಶುದ್ಧ ಮಾಡುವುದು ಬೇರೆ ಕೆಲಸ

ಇಲ್ಲಿಯವರೆಗೆ ಆದದ್ದು ಕೊಳೆ ತೆಗೆಯುವುದು. ಸೂಕ್ಷ್ಮಜೀವಿಗಳನ್ನು ತೆಗೆಯುವುದು ಇನ್ನೊಂದು. ಮೊದಲನೆಯದು ಸರಿಯಾಗದೆ ಎರಡನೆಯದು ಆಗುವುದಿಲ್ಲ. ಕೊಳೆಯ ಪದರದ ಕೆಳಗಿರುವ ಜೀವಿಗೆ ಬಿಸಿಯೂ ತಟ್ಟದು, ಔಷಧಿಯೂ ಮುಟ್ಟದು. ಹಾಗೆಂದು ಆಪರೇಷನ್ ಥಿಯೇಟರಿನ ಮಟ್ಟ ಬೇಕಿಲ್ಲ. ಸರಿಯಾಗಿ ಹುಳಿ ಬಂದರೆ ಆ ಹುಳಿಯೇ ಮುಂದಿನ ಕಾವಲುಗಾರ. ಹುಳಿ ಬರುವ ಮೊದಲಿನ ಎರಡು ಮೂರು ದಿನಕ್ಕೆ ಮಾತ್ರ ನಮ್ಮ ಕಾವಲು ಬೇಕು.

ಪಾತ್ರೆಯೊಳಗೆ ಹಿಡಿಸುವಷ್ಟು ಚಿಕ್ಕ ಬಾಟಲಿಯಾದರೆ ಕುದಿಸಿ. ಒಡೆದ ಭರಣಿಯ ಕಥೆ ಇಲ್ಲಿ ಬರುತ್ತದೆ. ತೊಳೆದು ಕಟ್ಟೆಯ ಮೇಲಿಟ್ಟು ಕೆಟಲಿನ ಕುದಿವ ನೀರು ಸುರಿದೆ. 'ಟಿಕ್' ಎಂಬ ಸಣ್ಣ ಸದ್ದು, ಅಷ್ಟೇ. ಎತ್ತಿದರೆ ಮೈ ಕೈಯಲ್ಲಿ ಬಂತು, ತಳ ತಟ್ಟೆಯಂತೆ ಕಟ್ಟೆಯ ಮೇಲೇ ಉಳಿಯಿತು, ನೀರು ಪಾದದ ಮೇಲೆ. ಗಾಜು ಬಿಸಿಯನ್ನು ನಿಧಾನಕ್ಕೆ ಸಾಗಿಸುತ್ತದೆ. ಒಳಮೈ ಹಿಗ್ಗಿದಾಗ ಹೊರಮೈ ಇನ್ನೂ ತಣ್ಣಗೇ ಇರುತ್ತದೆ, ಆ ಜಗ್ಗಾಟದಲ್ಲಿ ಸೀಳುತ್ತದೆ. ಗಾಜು ದಪ್ಪವಾದಷ್ಟೂ ಗಟ್ಟಿ ಎಂದುಕೊಂಡಿದ್ದೆ. ಈ ವಿಷಯದಲ್ಲಿ ದಪ್ಪವೇ ಶತ್ರು. ಸಾಧಾರಣ ಗಾಜಿನ ದಪ್ಪ ಭರಣಿಗೆ 40 ಡಿಗ್ರಿಯ ಹಠಾತ್ ವ್ಯತ್ಯಾಸವೂ ಸಾಕಾಗಬಹುದು.

ಹಾಗಾಗಿ ದೊಡ್ಡ ಪಾತ್ರೆಯ ತಳಕ್ಕೆ ಮಡಿಸಿದ ಬಟ್ಟೆ ಹಾಸಿ, ಬಾಟಲಿಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು, ಒಳಗೂ ಹೊರಗೂ ತಣ್ಣೀರು ತುಂಬಿ, ಆಮೇಲೆ ಒಲೆ ಹಚ್ಚಿ. ಗಾಜು, ನೀರು ಎರಡೂ ಜೊತೆಗೇ ಬಿಸಿಯಾಗಲಿ. ಕುದಿ ಬಂದ ಮೇಲೆ ಹತ್ತು ನಿಮಿಷ ಎನ್ನುವುದು ರೂಢಿಯ ಲೆಕ್ಕ. ದಾವಣಗೆರೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿಯಲ್ಲೇ ಕುದಿಯುತ್ತದೆ, ಆದ್ದರಿಂದ ಹನ್ನೆರಡು ನಿಮಿಷ ಇಡಿ. ಒಲೆ ಆರಿಸಿ, ನೀರು ಉಗುರು ಬೆಚ್ಚಗಾಗುವ ತನಕ ಬಾಟಲಿ ತೆಗೆಯಬೇಡಿ. ಬಿಸಿ ಬಾಟಲಿಯನ್ನು ಗ್ರಾನೈಟ್ ಕಟ್ಟೆಯ ಮೇಲಿಟ್ಟರೆ ಮತ್ತೆ ಅದೇ 'ಟಿಕ್'.

ಐದು ಲೀಟರಿನ ಭರಣಿ ಯಾವ ಪಾತ್ರೆಗೂ ಹಿಡಿಸುವುದಿಲ್ಲ. ಅದಕ್ಕೆ ಬ್ಲೀಚ್. ಸುವಾಸನೆ, ಬಣ್ಣ ಸೇರಿಸದ ಸಾದಾ ದ್ರವ ಬ್ಲೀಚ್ ಆಗಬೇಕು, ಸೋಡಿಯಂ ಹೈಪೋಕ್ಲೋರೈಟ್ 4ರಿಂದ 5 ಶೇಕಡಾ ಎಂದು ಬರೆದಿರುತ್ತದೆ. ಒಂದು ಲೀಟರ್ ತಣ್ಣೀರಿಗೆ 5 ಮಿಲಿ, ಅಂದರೆ ಒಂದು ಟೀ ಚಮಚ. ಐದು ಲೀಟರಿಗೆ ಐದು ಚಮಚ. ಭರಣಿಯನ್ನು ಅಂಚಿನವರೆಗೆ ತುಂಬಿ ಹದಿನೈದು ನಿಮಿಷ ಬಿಡಿ. ಹೆಚ್ಚು ಹಾಕಿದರೆ ಹೆಚ್ಚು ಶುದ್ಧ ಎಂಬುದಿಲ್ಲ, ತೊಳೆದು ತೆಗೆಯುವುದು ಕಷ್ಟವಾಗುತ್ತದೆ ಅಷ್ಟೇ. ವರ್ಷದ ಹಿಂದೆ ಒಡೆದ ಬಾಟಲಿಯ ಬ್ಲೀಚಿಗೆ ಶಕ್ತಿ ಇರುವುದಿಲ್ಲ, ಹೊಸದು ತನ್ನಿ.

ಇಲ್ಲಿ ಒಂದು ಎಚ್ಚರಿಕೆಯನ್ನು ದೊಡ್ಡ ದನಿಯಲ್ಲೇ ಹೇಳಬೇಕು: ಸುಣ್ಣ ತೆಗೆಯಲು ಬಳಸಿದ ನಿಂಬೆ ಉಪ್ಪು ಅಥವಾ ವಿನೆಗರ್ ಒಂದು ತೊಟ್ಟೂ ಉಳಿಯದಂತೆ ತೊಳೆದ ಮೇಲೆಯೇ ಬ್ಲೀಚ್. ಹುಳಿ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶ ಸುಡುವ ಅನಿಲ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆಗಂತೂ ಇನ್ನೂ ಜೋರು. ಎರಡು ಕೆಲಸವನ್ನು ಬೇರೆ ಬೇರೆ ದಿನ ಇಟ್ಟುಕೊಳ್ಳಿ, ಕಿಟಕಿ ತೆರೆದಿರಲಿ.

ಬ್ಲೀಚ್ ಚೆಲ್ಲಿ, ಕಾಯಿಸಿ ಆರಿಸಿದ ನೀರಿನಲ್ಲಿ ಮೂರು ಸಲ ತೊಳೆಯಿರಿ. ವಾಸನೆ ಇದ್ದರೆ ನಾಲ್ಕನೇ ಸಲ. ಉಳಿದ ಕ್ಲೋರಿನ್ ನಿಮ್ಮ ಹುದುಗನ್ನೂ ಕೊಲ್ಲುತ್ತದೆ. ಬೋರ್ ನೀರನ್ನೇ ಕಾಯಿಸಿ ತೊಳೆದರೆ ಪೊರೆ ಮತ್ತೆ ಕೂರುತ್ತದೆ, ಕೊನೆಯ ಸಲಕ್ಕಾದರೂ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನಿಂದ ಒಂದು ಚೊಂಬು ತೆಗೆದು ಕಾಯಿಸಿಕೊಳ್ಳಿ. ಆಮೇಲೆ ಟವೆಲ್ಲಿನಿಂದ ಒರೆಸಬೇಡಿ. ಅಷ್ಟು ಕಷ್ಟಪಟ್ಟು ತೆಗೆದದ್ದನ್ನೆಲ್ಲ ಟವೆಲ್ ಒಂದೇ ಸವರಿಗೆ ಮರಳಿ ಹಚ್ಚುತ್ತದೆ. ಇಡ್ಲಿ ತಟ್ಟೆಯ ಮೇಲೆ ಬೋರಲು ಹಾಕಿ, ಕೆಳಗಿನ ತೂತಿನಿಂದ ಗಾಳಿಯಾಡುತ್ತದೆ. ಶುದ್ಧ ಮಾಡಿದ ದಿನವೇ ಬಳಸಿ. ಮಂಡಕ್ಕಿ ಭಟ್ಟಿಗಳ ಕಡೆ ಮನೆಯಿದ್ದವರಿಗೆ ಗೊತ್ತು, ತೆರೆದಿಟ್ಟ ಪಾತ್ರೆಯ ಮೇಲೆ ಒಂದು ರಾತ್ರಿಯಲ್ಲಿ ಎಷ್ಟು ಮಸಿ ಕೂರುತ್ತದೆಂದು.

ತುಂಬುವಾಗ

ಟೀ ಕುದಿಸಿ, ಸಕ್ಕರೆ ಕರಗಿಸಿ, ಪೂರ್ತಿ ಆರಿದ ಮೇಲೆಯೇ ಭರಣಿಗೆ ಸುರಿಯಿರಿ. ಗಾಜಿಗೂ ಒಳ್ಳೆಯದು, ಮೇಲೆ ದೋಸೆಯಂತೆ ತೇಲುವ ಕೊಂಬುಚಾದ ತಾಯಿಗೂ, ಅಂದರೆ ಹುದುಗು ಬರಿಸುವ ಸೂಕ್ಷ್ಮಜೀವಿಗಳ ಪದರಕ್ಕೂ, ಒಳ್ಳೆಯದು. ಮೇಲೆ ನಾಲ್ಕು ಬೆರಳು ಜಾಗ ಬಿಡಿ. ದಿನಾ ಬಟ್ಟೆಯ ಮೇಲಿಂದ ನೋಡಿ. ತಾಯಿಯ ಮೇಲೆ ಕಂದು ನೂಲು, ಬಿಳಿ ಹೊಸ ಪದರ ಕಂಡರೆ ಸಹಜ. ಹಸಿರು, ಕಪ್ಪು ಬೂಸ್ಟು ಉಣ್ಣೆಯಂತೆ ಎದ್ದರೆ ತೆಗೆದುಹಾಕಿ ಉಳಿಸಿಕೊಳ್ಳಲು ಹೋಗಬೇಡಿ, ತಾಯಿ ಸಮೇತ ಚೆಲ್ಲಿ, ಭರಣಿಯನ್ನು ಸೋಡಾದಿಂದ ಶುರು ಮಾಡಿ.

ಗ್ಯಾಸ್ ಬರಿಸಲು ಬಾಟಲಿಗೆ ತುಂಬಿ ಬಿಗಿ ಮುಚ್ಚುವವರು ಮಾತ್ರ ಇದನ್ನು ಓದಿಯೇ ಮುಂದೆ ಹೋಗಬೇಕು. ಜಾಮಿನ ಬಾಟಲಿ, ಚೌಕಾಕಾರದ ಬಾಟಲಿ, ಜೇನಿನ ಬಾಟಲಿ ಯಾವುದೂ ಒತ್ತಡಕ್ಕೆ ಮಾಡಿದ್ದಲ್ಲ. ದುಂಡಗಿನ, ದಪ್ಪ ಗಾಜಿನ ಬಿಯರ್ ಅಥವಾ ಸೋಡಾ ಬಾಟಲಿ ಮಾತ್ರ ತಡೆಯುತ್ತದೆ. ಅದಕ್ಕೂ ಮೈಮೇಲೆ ಗೀರು, ಬಾಯಂಚಿನಲ್ಲಿ ಚಕ್ಕೆ ಇರಬಾರದು. ಒಂದು ಲೀಟರಿನಲ್ಲಿ 4 ಗ್ರಾಂ ಸಕ್ಕರೆ ಹುದುಗಿದರೆ ಹೆಚ್ಚುಕಮ್ಮಿ ಒಂದು ಲೀಟರಿನಷ್ಟೇ ಅನಿಲ ಹುಟ್ಟುತ್ತದೆ. ಒಂದು ಚಮಚ ಸಕ್ಕರೆ ಎಷ್ಟು ದೂರ ಹೋಗುತ್ತದೆ ನೋಡಿ. ಹಿರಿಯೂರು, ಹೊಸದುರ್ಗದ ಕಡೆಯಿಂದ ದಾಳಿಂಬೆ ಬರುವ ಕಾಲಕ್ಕೆ ಅದರ ರಸ ಬೆರೆಸಿದ ಕೊಂಬುಚಾ ನನಗೆ ಎಲ್ಲಕ್ಕಿಂತ ಇಷ್ಟ, ಆದರೆ ಆ ರಸದಲ್ಲೂ ಸಕ್ಕರೆಯಿದೆ ಎಂಬುದು ಲೆಕ್ಕದಲ್ಲಿರಲಿ.

ಗಾಜಿನ ಬಾಟಲಿಗಳ ಜೊತೆ ಒಂದೇ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಗೂ ಅದೇ ಪಾನಕ ತುಂಬಿ ಪಕ್ಕದಲ್ಲಿಡಿ. ದಿನಕ್ಕೆರಡು ಸಲ ಅದನ್ನು ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಾದ ಹೊತ್ತಿಗೆ ಎಲ್ಲವನ್ನೂ ಫ್ರಿಜ್ಜಿಗೆ ಸೇರಿಸಿ. ಚಳಿಗಾಲದಲ್ಲಿ ಇದಕ್ಕೆ ನಾಲ್ಕೈದು ದಿನ ಹಿಡಿದರೆ, 38 ಡಿಗ್ರಿಯ ಬೇಸಿಗೆಯಲ್ಲಿ ಒಂದೇ ದಿನ ಸಾಕು. ಬಾಟಲಿಗಳನ್ನು ಮುಚ್ಚಳವಿರುವ ಕ್ರೇಟಿನಲ್ಲಿ ಅಥವಾ ರಟ್ಟಿನ ಡಬ್ಬಿಯಲ್ಲಿಡಿ, ಮಕ್ಕಳು ಓಡಾಡುವ ಕಡೆ ಬೇಡ. ತೆರೆಯುವಾಗ ತಣ್ಣಗಿರಲಿ, ಬಾಯಿಗೆ ಒದ್ದೆ ಬಟ್ಟೆ ಸುತ್ತಿ, ಸಿಂಕಿನ ಮೇಲೆ ಹಿಡಿದು, ಮುಖವನ್ನು ಪಕ್ಕಕ್ಕೆ ಇಟ್ಟುಕೊಂಡು ತಿರುಗಿಸಿ.